ಕಾನೂನಿಗಿಂತ ಮೊದಲು ಕೂಡಿದವರು

ಕೊಳ್ಳೇಗಾಲದ ಬಸ್ ಸ್ಟ್ಯಾಂಡು

ಬಸ್ಸಿಗೆ ಕಾಯುವಾಗ ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ. ಬೆಂಚು ಖಾಲಿ ಇದ್ದರೂ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಾ, ಓದಿದ ಬೋರ್ಡನ್ನೇ ಮತ್ತೆ ಓದುತ್ತಾ, ಕಂಡಕ್ಟರುಗಳ ತಲೆ ತಿನ್ನುತ್ತಾ ಇರುತ್ತೇನೆ. ಅವತ್ತು ಬೆಳಿಗ್ಗೆಯಂತೂ ಕೇಳುವುದೇ ಬೇಡ. ನಾನು ಹೊರಟಿದ್ದದ್ದು ಇಟಲಿಗೆ. ಜೊತೆಗೆ ಬರಬೇಕಾಗಿದ್ದವರು ರಾಮಾಪುರದ ಮಾದಮ್ಮ. ಅವರ ಬಸ್ಸು ಕಾಮಗೆರೆ ಆಸ್ಪತ್ರೆಯ ಮುಂದೆ ಕೆಟ್ಟು ನಿಂತಿದೆಯೆಂದು ಫೋನು ಬಂದಿತ್ತು.

ಮಾದಮ್ಮ ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ರಾಮಾಪುರದಲ್ಲಿ ನಮ್ಮದೊಂದು ಹೆಂಗಸರ ಸಂಘವಿದೆ. ಸುತ್ತಮುತ್ತಲ ಹೊಲಗಳ ರಾಗಿ, ಸಾಮೆ, ಬರಗನ್ನು ತಂದು ಶುಚಿ ಮಾಡಿ, ಹಿಟ್ಟು ಮಾಡಿ, ಪೊಟ್ಟಣ ಕಟ್ಟಿ ಮಾರುತ್ತೇವೆ. ನಾನು ಅಲ್ಲಿ ಮಾರಾಟ ನೋಡಿಕೊಳ್ಳುವ ಸಂಬಳದವಳು. ತೌರು ಯಳಂದೂರು, ಗಂಡನ ಮನೆ ಕೊಳ್ಳೇಗಾಲ. ಮಾದಮ್ಮ ಆ ಸಂಘವನ್ನು ಕಟ್ಟಿದವರು, ಈಗಲೂ ಅಧ್ಯಕ್ಷೆ. ಮೊದಲು ನಾಲ್ಕಾರು ಹೆಂಗಸರನ್ನು ತಮ್ಮ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು ಸಾಮೆ ಕೇರಲು ಶುರು ಮಾಡಿದವರು ಅವರೇ. ಆದರೆ ಅವರಿಗೆ ಅಂಗೈ ಅಗಲದ ಜಮೀನೂ ಇಲ್ಲ.

ಈ ಜಮೀನಿಲ್ಲದ ವಿಚಾರವೇ ನನ್ನ ನಿದ್ದೆ ಕೆಡಿಸಿತ್ತು. ಮೈಸೂರಿನ ಸಲಹೆಗಾರರೊಬ್ಬರು ಬಂದು, ಸಂಘವನ್ನು ಬೆಳೆಗಾರರ ಕಂಪನಿಯಾಗಿ ನೋಂದಾಯಿಸಿದರೆ ಸಾಮೆಯ ಸಿಪ್ಪೆ ತೆಗೆಯುವ ದೊಡ್ಡ ಮೆಷಿನ್ ಸಿಗುತ್ತದೆ ಎಂದಿದ್ದರು. ಒಂದೇ ಷರತ್ತು. ಪಹಣಿ ಇರುವವರಷ್ಟೇ ಷೇರುದಾರರು. ಮೊರದಲ್ಲಿ ಕೇರುವವರು, ಒನೆಯುವವರು, ಪೊಟ್ಟಣ ಕಟ್ಟುವವರು ಬೇಕಾದರೆ ಕೂಲಿಗೆ ಬರಬಹುದು. ಅಂದರೆ ಮಾದಮ್ಮ ತಾವೇ ಕಟ್ಟಿದ ಸಂಘಕ್ಕೆ ಕೂಲಿಯವರಾಗಿ ಬರಬೇಕು. ನಾವು ಇಟಲಿಯಿಂದ ವಾಪಸು ಬಂದ ಮೇಲೆ ಸಭೆ, ಅಲ್ಲೇ ತೀರ್ಮಾನ.

ಇಂಥ ಹೊತ್ತಿನಲ್ಲಿ ಆ ದೇಶದ ಒಂದು ಊರಿನಿಂದ ಕರೆ ಬಂತು. ಸಮಾಜ ಹೊರಗಿಟ್ಟವರೇ ಸೇರಿ ನಡೆಸುವ ಉದ್ಯಮಗಳು ಅಲ್ಲಿವೆಯಂತೆ, ಅವಕ್ಕೆಂದೇ ಬೇರೆ ಕಾನೂನು ಇದೆಯಂತೆ. ಆ ಕಾನೂನಿನ ಒಂದು ಎಳೆಯಾದರೂ ನಮ್ಮ ಕೈಗೆ ಸಿಕ್ಕೀತು ಎಂಬ ಆಸೆಯಿಂದ ನಾನು ಕುಣಿದುಕೊಂಡು ಹೊರಟೆ. ಮಾದಮ್ಮನ ಲೆಕ್ಕವೇ ಬೇರೆ ಇತ್ತು.

"ನಂಗೆ ಅವ್ರ ಕಾನೂನು ತಕಂಡು ಏನಾಗ್ಬೇಕವ್ವ? ಇಮಾನ ಅತ್ತುಸು, ಸಾಕು" ಎಂದಿದ್ದರು.

ಕೊನೆಗೆ ಅವರು ಹಾಲಿನ ವ್ಯಾನೊಂದರಲ್ಲಿ ಬಂದಿಳಿದರು. ನಾನು ಬೆವರಿ ನೀರಾಗಿದ್ದೆ. ಅವರು ಡ್ರೈವರನ ಮನೆ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡು, ಅವನ ತಂಗಿಗೊಂದು ಗಂಡನ್ನೂ ಹೇಳಿ ಬಂದಿದ್ದರು.

ವಿಮಾನ ನಿಲ್ದಾಣ

ಅಲ್ಲಿ ತಪಾಸಣೆಯಲ್ಲಿ ಮಾದಮ್ಮನ ಕೈಚೀಲವನ್ನು ಪಕ್ಕಕ್ಕೆ ತೆಗೆದಿಟ್ಟರು. ಒಳಗಿದ್ದದ್ದು ಹಿತ್ತಾಳೆಯ ಸೇರು. ಕಾಳು ಅಳೆಯುವ ಪಾತ್ರೆ ಅಷ್ಟೇ, ಆದರೆ ಮೆಷಿನ್ನಿನ ಪರದೆಯಲ್ಲಿ ಅದು ಏನಾಗಿ ಕಂಡಿತೋ! ಸಮವಸ್ತ್ರದ ಹುಡುಗಿ ಅದನ್ನು ತಿರುಗಿಸಿ, ತಟ್ಟಿ, ಒಳಗೆ ಕೈ ಹಾಕಿ ನೋಡಿದಳು. ಇದು ಯಾಕೆ ಬೇಕು ಎಂದು ಹಿಂದಿಯಲ್ಲಿ ಕೇಳಿದಳು. ಹೊರಡುವಾಗ ಸೂಟ್‌ಕೇಸಿಗೆ ಹಾಕಿ ಎಂದು ಬಡಕೊಂಡಿದ್ದೆ. ಕೇಳಿರಲಿಲ್ಲ.

"ಅಲ್ಲಿ ಕೆಲ್ಸ ಎಂಗೆ ಮಾಡ್ತೀರಿ ತೋರ್ಸಿ ಅಂದವ್ರೆ. ಅಳ್ತೆ ಇಲ್ದೆ ಎಂಗೆ ತೋರ್ಸದು? ಏಳವ್ವ ಅವ್ಳಿಗೆ" ಎಂದರು ನನಗೆ.

ನನ್ನ ಮುರುಕು ಹಿಂದಿಯಲ್ಲಿ ಏನೇನೋ ಹೇಳಿದೆ. ಆ ಹುಡುಗಿಗೆ ಅರ್ಥವಾಯಿತೋ, ನನ್ನ ಅವಸ್ಥೆ ನೋಡಿ ಪಾಪ ಅನಿಸಿತೋ, ನಕ್ಕು ಬಿಟ್ಟುಬಿಟ್ಟಳು. ವಿಮಾನದಲ್ಲಿ ಮಾದಮ್ಮ ಬೆಟ್ಟದ ದೇವರು ಮಾದಪ್ಪನ ಹೆಸರು ಹೇಳಿ ವಿಭೂತಿ ಹಚ್ಚಿಕೊಂಡವರೇ ನಿದ್ದೆ ಹೋದರು. ಆಸೆಪಟ್ಟು ಬಂದ ವಿಮಾನವನ್ನು ಅವರು ಹೆಚ್ಚೇನೂ ನೋಡಲಿಲ್ಲ. ನಾನು ಮಾತ್ರ ಆ ಸಣ್ಣ ಓಣಿಯಲ್ಲಿ ಮುಂದೆ ಹಿಂದೆ ನಡೆದು ನಡೆದು ಗಗನಸಖಿಯರ ಕೈಲಿ ಬೈಸಿಕೊಂಡೆ.

ಗಾಳಿಯ ಊರು

ಊರಿನ ಹೆಸರು ತ್ರಿಯೆಸ್ತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಲ್ಲುಗುಡ್ಡ. ಗುಡ್ಡದಿಂದ ಸಮುದ್ರದ ಕಡೆಗೆ ಒಂದು ಗಾಳಿ ಬೀಸುತ್ತದೆ. ನಮ್ಮ ಆಷಾಢದ ಗಾಳಿ ಇದರ ಮುಂದೆ ಬೀಸಣಿಗೆ. ನಾವು ಹೋದಾಗ ಬೀದಿಯಲ್ಲಿ ಸ್ಕೂಟರುಗಳು ಸಾಲಾಗಿ ಮಗ್ಗುಲಿಗೆ ಬಿದ್ದಿದ್ದವು, ಕಸದ ಡಬ್ಬಗಳು ಇಳಿಜಾರಿನಲ್ಲಿ ತಮ್ಮ ಪಾಡಿಗೆ ತಾವು ಹೊರಟಿದ್ದವು. ಊರಿನವರಿಗೆ ಇದರ ಮೇಲೆ ಸಿಟ್ಟಿಲ್ಲ, ಹೆಮ್ಮೆ. ಬಿಸಿಲಿದ್ದಾಗ ಬೀಸಿದರೆ ಒಂದು ಹೆಸರು, ಮೋಡವಿದ್ದಾಗ ಬೀಸಿದರೆ ಇನ್ನೊಂದು ಹೆಸರು.

ಮಾದಮ್ಮನ ಸೆರಗು ಒಡೆಯರಪಾಳ್ಯದ ಟಿಬೆಟಿನವರ ಬಾವುಟಗಳ ಹಾಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅವರು ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಕಂಬಿ ಹಿಡಿದು, "ಈ ಊರ್ನಲ್ಲಿ ಕಾಳು ತೂರಕ್ಕೆ ಮೊರ ಬ್ಯಾಡ ಕಣವ್ವ" ಎಂದರು.

ನಮ್ಮನ್ನು ಎದುರುಗೊಂಡವರು ಸೆಲ್ವಿ ಎಂಬಾಕೆ. ಜಾಫ್ನಾ ಕಡೆಯ ತಮಿಳರು, ಚಿಕ್ಕ ವಯಸ್ಸಿನಲ್ಲೇ ಈ ದೇಶಕ್ಕೆ ಬಂದವರು. ಗಡಿಯ ಹತ್ತಿರದ ರಾಮಾಪುರದವರಿಗೆ ತಮಿಳು ಹೊಸದೇನಲ್ಲ, ಹಾಗಾಗಿ ಮಾದಮ್ಮನ ಮಾತನ್ನು ಇಟಾಲಿಯನ್ ಭಾಷೆಗೆ ತಿರುಗಿಸುವ ಕೆಲಸ ಸೆಲ್ವಿಯದು. ಇಬ್ಬರೂ ಸಿಕ್ಕಿದ ಮರುಗಳಿಗೆಯಿಂದ ಬಿಡುವಿಲ್ಲದೆ ಮಾತಿಗೆ ಬಿದ್ದರು. ಅರೆಬರೆ ತಮಿಳಿನ ನಾನು ಹಿಂದೆ ಹಿಂದೆ ಸಾಮಾನು ಎಳೆದುಕೊಂಡು ನಡೆದೆ.

ಮೊದಲ ಪೆಟ್ಟು ಕಾಫಿಯದು. ಅಂಗಡಿಯಲ್ಲಿ ನಾನು ಗತ್ತಿನಿಂದ ಕಪುಚಿನೋ ಕೇಳಿದೆ. ಬಂದದ್ದು ತೀರ್ಥದ ಅಳತೆಯ ಬಟ್ಟಲು. ಈ ಊರಿನಲ್ಲಿ ಕಾಫಿಗಳ ಹೆಸರೇ ಬೇರೆಯಂತೆ. ಉಳಿದ ಇಟಲಿಯಲ್ಲಿ ದೊಡ್ಡ ಕಪ್ಪಿನಲ್ಲಿ ಕೊಡುವುದಕ್ಕೆ ಇಲ್ಲಿ ಬೇರೇನೋ ಹೇಳಬೇಕಂತೆ. ಮಾದಮ್ಮ ಬಟ್ಟಲೊಳಗೆ ಇಣುಕಿ, "ಇದೇನು, ಸಾಸ್ತ್ರಕ್ಕೆ ಕೊಟ್ರಾ?" ಎಂದರು. ಎಲ್ಲರೂ ಕಟ್ಟೆಗೆ ಮೊಣಕೈ ಊರಿ, ನಿಂತೇ ಕುಡಿದು, ನಿಂತೇ ಜಗಳವಾಡಿ ಹೋಗುತ್ತಿದ್ದರು. ಅದೊಂದು ನನಗೆ ಹಿಡಿಸಿತು. ಕೂರುವ ರಗಳೆ ಇಲ್ಲ.

ಗುಡ್ಡದ ಮೇಲಿನ ಆಸ್ಪತ್ರೆ

ಮರುದಿನ ಸೆಲ್ವಿ ನಮ್ಮನ್ನು ಗುಡ್ಡದ ಮೇಲಿನ ಒಂದು ತೋಟಕ್ಕೆ ಕರೆದೊಯ್ದರು. ಸಾಲು ಸಾಲು ಹಳೆಯ ಕಟ್ಟಡ, ನಡುವೆ ಗುಲಾಬಿ ಗಿಡ. ಒಂದು ಕಾಲಕ್ಕೆ ಇದು ಹುಚ್ಚಾಸ್ಪತ್ರೆಯಾಗಿತ್ತು. ಒಳಗೆ ಹೋದವರು ಹೊರಗೆ ಬರುತ್ತಿದ್ದದ್ದು ಅಪರೂಪ. ಈಗ ಬೇಲಿಯಿಲ್ಲ, ಬೀಗವಿಲ್ಲ. ಮಕ್ಕಳು ಸೈಕಲ್ ಹೊಡೆಯುತ್ತಾರೆ.

ಅಲ್ಲಿ ರೆಂಜೊ ಎಂಬ ಅಜ್ಜ ಸಿಕ್ಕಿದರು. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಿಂತಿದ್ದ ಮನುಷ್ಯ, ಕುತ್ತಿಗೆಯವರೆಗೆ ಇಳಿಬಿಟ್ಟ ಬಿಳಿ ಕೂದಲು. ಹರೆಯದಲ್ಲಿ ಅವರನ್ನು ಮನೆಯವರು ಇಲ್ಲಿ ತಂದು ಬಿಟ್ಟಿದ್ದರಂತೆ. ಅವರು ಹೇಳಿದ್ದನ್ನು ಸೆಲ್ವಿ ತಮಿಳಿಗೆ ತಂದರು, ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡೆ.

"ನಾವು ಇಲ್ಲಿ ಕಸ ಗುಡಿಸುತ್ತಿದ್ದೆವು, ಬಟ್ಟೆ ಒಗೆಯುತ್ತಿದ್ದೆವು, ಅಡಿಗೆಮನೆಯಲ್ಲಿ ದುಡಿಯುತ್ತಿದ್ದೆವು. ಅದನ್ನು ಕೆಲಸ ಅನ್ನುತ್ತಿರಲಿಲ್ಲ. ಚಿಕಿತ್ಸೆ ಅನ್ನುತ್ತಿದ್ದರು. ಚಿಕಿತ್ಸೆಗೆ ಯಾರು ಸಂಬಳ ಕೊಡುತ್ತಾರೆ? ಸಿಗರೇಟು ಕೊಡುತ್ತಿದ್ದರು. ಆಮೇಲೆ ಹೊಸ ಡಾಕ್ಟರುಗಳು ಬಂದರು, ಬಾಗಿಲು ತೆಗೆದರು. ನಾವೇ ಸೇರಿ ಸಹಕಾರಿ ಮಾಡಿಕೊಂಡು, ಅದೇ ಕಸ ಗುಡಿಸುವುದಕ್ಕೆ ಸಂಬಳ ಕೇಳಿದೆವು."

"ಕೊಟ್ರಾ?" ಮಾದಮ್ಮ ಕೇಳಿದರು.

"ಸುಲಭಕ್ಕೆ ಕೊಡಲಿಲ್ಲ. ಆಸ್ಪತ್ರೆ ಸೇರಿದವನಿಗೆ ಹಕ್ಕೇ ಇರಲಿಲ್ಲ. ನಮ್ಮ ಸಹಿಗೆ ಬೆಲೆ ಇರಲಿಲ್ಲ. ಸಹಿ ಇಲ್ಲದವರು ಸಹಕಾರಿ ಮಾಡುವುದು ಹೇಗೆ ಅಂದರು. ಆದರೂ ಮಾಡಿದೆವು."

"ಮೊದ್ಲ ಸಂಬಳ್ದಲ್ಲಿ ಏನ್ ತಕಂಡೆ?"

ರೆಂಜೊ ತಮ್ಮ ಕೂದಲು ಮುಟ್ಟಿಕೊಂಡರು. "ಒಳಗೆ ಎಲ್ಲರಿಗೂ ಒಂದೇ ಥರ ಕತ್ತರಿಸಿಬಿಡುತ್ತಿದ್ದರು. ಪೇಟೆಯ ಕ್ಷೌರದಂಗಡಿಗೆ ಹೋಗಿ ಕುರ್ಚಿಯ ಮೇಲೆ ಕೂತೆ. ಹೇಗೆ ಬೇಕು ಎಂದು ಅಂಗಡಿಯವನು ಕೇಳಿದ. ಎಷ್ಟೋ ವರ್ಷದಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ."

ಮಾದಮ್ಮ ಚೀಲಕ್ಕೆ ಕೈ ಹಾಕಿ ವಿಭೂತಿ ತೆಗೆದು ಅಜ್ಜನ ಹಣೆಗೆ ಅಡ್ಡಕ್ಕೆ ಎಳೆದೇಬಿಟ್ಟರು. ಅವರು ಬೆದರಲಿಲ್ಲ. ಗಾಳಿ ಅದರಲ್ಲಿ ಅರ್ಧವನ್ನು ನನ್ನ ಕಣ್ಣಿಗೆ ತುಂಬಿತು. ಅಲ್ಲಿಂದ ಇಳಿಯುವ ತನಕ ಕಣ್ಣು ಉಜ್ಜಿಕೊಳ್ಳಲು ಒಂದು ನೆಪ ಸಿಕ್ಕಂತಾಯಿತು.

ಇಳಿಯುವಾಗ ಫೋನಿಗೆ ಸಲಹೆಗಾರರ ಸಂದೇಶ ಬಂತು. ಸಭೆಯನ್ನು ಇನ್ನೂ ಬೇಗ ಮಾಡುತ್ತಿದ್ದೇವೆ, ನೀವು ಬಂದ ಮರುದಿನವೇ ಇಟ್ಟುಕೊಳ್ಳೋಣ ಎಂದಿತ್ತು. ಮಾದಮ್ಮನಿಗೆ ಓದಿ ಹೇಳಿದೆ.

"ಬುಡು, ಊರ್ಗೆ ಓದ್ಮೇಲೆ ನೋಡದು" ಎಂದರು. ಆದರೆ ಅವತ್ತು ಇಳಿಜಾರಿನ ಉದ್ದಕ್ಕೂ ಅವರು ಸೆಲ್ವಿಯನ್ನು ಹಿಂದೆ ಬಿಟ್ಟು ಒಬ್ಬರೇ ಮುಂದೆ ನಡೆದರು.

ವಕೀಲೆಯ ಮೇಜು

ಮಾರನೆಯ ದಿನ ಲೂಚಿಯಾ ಅವರ ಕಚೇರಿ. ಜೀವಮಾನವೆಲ್ಲ ಇಂಥ ಸಹಕಾರಿಗಳಿಗೆ ಸಲಹೆ ಕೊಡುತ್ತಾ ಬಂದ ವಕೀಲೆ. ನಮ್ಮನ್ನು ಕರೆಸಿದವರೂ ಇವರೇ. ತಲೆ ನರೆತಿದೆ, ಮಾತು ಚುರುಕು. ಮಾತಾಡುವಾಗ ಎರಡೂ ಕೈ ಆಡಿಸಿ ಆಡಿಸಿ ಮೇಜಿನ ಮೇಲಿನ ಪೆನ್ನು ಎರಡು ಸಲ ಬೀಳಿಸಿದರು. ನಾನು ಎದ್ದು ಓಡಾಡುತ್ತಾ ಕೇಳಿಸಿಕೊಳ್ಳುತ್ತೇನೆ ಎಂದರೆ ಅವರೂ ಎದ್ದರು. ಇಬ್ಬರೂ ಕಿಟಕಿಯ ಮುಂದೆ ಅಡ್ಡಾಡುತ್ತಾ ಇಂಗ್ಲಿಷಿನಲ್ಲಿ ಮಾತಾಡಿದೆವು.

ಅವರು ಹೇಳಿದ್ದರ ತಾತ್ಪರ್ಯ ಇಷ್ಟು. ಗುಡ್ಡದ ಮೇಲಿನವರು ಕೂಡಿ ಕೆಲಸ ಶುರು ಮಾಡಿದಾಗ ಇಂಥದ್ದಕ್ಕೆಂದು ಕಾನೂನೇ ಇರಲಿಲ್ಲ. ಬೇರೆ ಬೇರೆ ಊರುಗಳಲ್ಲಿ ಜನ ಹೀಗೇ ಕೂಡುತ್ತಾ ಹೋದರು. ಹೆಚ್ಚು ಕಡಿಮೆ ಎರಡು ದಶಕ ಕಳೆದ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ, ಸಾಮಾಜಿಕ ಸಹಕಾರಿಗಳ ಕಾನೂನು ಬಂತು. ಅದರಲ್ಲಿ ಎರಡು ಬಗೆ. ಒಂದು, ಮುದುಕರನ್ನು ಮಕ್ಕಳನ್ನು ನೋಡಿಕೊಳ್ಳುವಂಥದ್ದು. ಇನ್ನೊಂದು, ಬೇರೆಲ್ಲೂ ಕೆಲಸ ಸಿಗದವರಿಗೆ ಕೆಲಸ ಕೊಡುವಂಥದ್ದು. ಈ ಎರಡನೆಯದರಲ್ಲಿ ದುಡಿಯುವವರ ಪೈಕಿ ಇಂತಿಷ್ಟು ಪಾಲು ಅಂಥವರೇ ಇರಬೇಕು, ಆದಷ್ಟೂ ಅವರು ಸದಸ್ಯರೂ ಆಗಿರಬೇಕು. ಬರೀ ಕೂಲಿಯವರಲ್ಲ.

"ಆಮೇಲೆ?" ಎಂದೆ.

ಆಮೇಲೆ ಸಹಕಾರಿಯಲ್ಲದವರೂ, ಕಂಪನಿಗಳೂ, ಸಾಮಾಜಿಕ ಉದ್ಯಮ ಎಂದು ಕರೆಸಿಕೊಳ್ಳಬಹುದು ಎಂದು ಇನ್ನೊಂದು ಕಾನೂನು ಮಾಡಿದರಂತೆ. ಆದರೆ ಲಾಭದಲ್ಲಿ ಒಂದು ಕಾಸನ್ನೂ ಹಂಚಿಕೊಳ್ಳುವಂತಿಲ್ಲ ಎಂದು ಕಟ್ಟುಹಾಕಿದ್ದರಿಂದ ಹೆಚ್ಚು ಜನ ಆ ಕಡೆ ಸುಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಅದನ್ನು ತಿದ್ದಿ, ಕಂಪನಿಯಾಗಿರುವ ಉದ್ಯಮಗಳು ಲಾಭದಲ್ಲಿ ಒಂದು ಭಾಗವನ್ನು ಮಿತಿಯೊಳಗೆ ಹಂಚಬಹುದು ಎಂದರು. ಅದಕ್ಕೆ ಲೂಚಿಯಾ ಅವರ ಸಂತೋಷ ಅರ್ಧವೇ. ಹೆಸರಿಗೆ ಸಾಮಾಜಿಕ, ಒಳಗೆ ಕೂಲಿ ಕಡಿತ ಎಂಬಂಥವರೂ ನುಸುಳಿದ್ದಾರೆ ಎಂದು ಮುಖ ಸಿಂಡರಿಸಿದರು.

ಈಗ ನಿಮ್ಮ ಕೆಲಸ ತೋರಿಸಿ ಎಂದರು. ಧಾನ್ಯ ಅವರೇ ತರಿಸಿಟ್ಟಿದ್ದರು. ಚೀಲ ನೋಡಿದರೆ ಮೇಲೆ ಹಳದಿ ಹಕ್ಕಿಯ ಚಿತ್ರ, ಪಂಜರದ ಹಕ್ಕಿಗೆ ಹಾಕುವ ಕಾಳು! ಮಾದಮ್ಮ ಹಿಡಿ ತುಂಬ ತೆಗೆದು, ಮೂಸಿ, ಹಲ್ಲಿನಲ್ಲಿ ಕಡಿದು, "ಅಯ್ಯೋ, ಬರಗು ಕಣವ್ವ ಇದು! ಅಕ್ಕಿಗಾಕ್ತರಾ ಇದ್ನ?" ಎಂದರು. ಹಕ್ಕಿಗೆ ಎನ್ನುವುದು ಅವರ ಬಾಯಲ್ಲಿ ಅಕ್ಕಿಗೆ ಆದದ್ದರಿಂದ ನಾನೇ ಒಂದು ಕ್ಷಣ ತಬ್ಬಿಬ್ಬಾದೆ.

ಅವರು ನೆಲದ ಮೇಲೆ ಪೇಪರು ಹಾಸಿ ಕೂತರು. ಸೇರು ತುಂಬಿ, ಅಂಗೈಯಿಂದ ಬಾಯಿ ಸವರಿ, ಪಕ್ಕಕ್ಕೆ ಸುರಿದು, "ಲಾಬ" ಎಂದರು. ಮತ್ತೆ ತುಂಬಿ ಸುರಿದು, "ಎರ್ಡು." ಮತ್ತೆ, "ಮೂರು."

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಅದು ನನಗೆ ಎಷ್ಟು ರೂಢಿಯೆಂದರೆ ಕಿವಿಗೆ ಬೀಳಲೇ ಇಲ್ಲ. ಆದರೆ ಸೆಲ್ವಿ ಕೇಳಿದ್ದನ್ನು ಕೇಳಿದ ಹಾಗೆ ತಿರುಗಿಸಿಬಿಟ್ಟಿದ್ದರು. ಲೂಚಿಯಾ ಕೈ ಎತ್ತಿ ತಡೆದರು.

"ಒಂದು ನಿಮಿಷ. ನಿಮ್ಮಲ್ಲಿ ಲಾಭವನ್ನು ಮೊದಲೇ ತೆಗೆದಿಡುತ್ತೀರಾ? ಸಂಬಳ, ಖರ್ಚು ಎಲ್ಲಕ್ಕಿಂತ ಮೊದಲು? ಅದನ್ನು ಯಾರು ತಗೊಳ್ಳುತ್ತಾರೆ?" ದನಿಯಲ್ಲಿ ನಿಜವಾದ ಗಾಬರಿ ಇತ್ತು. ಇಷ್ಟು ದೂರದಿಂದ ಕರೆಸಿದ ಬಡ ಹೆಂಗಸರ ಸಂಘ ದೊಡ್ಡ ಬಡ್ಡಿ ವ್ಯಾಪಾರಿಗಳದ್ದು ಅಂದುಕೊಂಡರೋ ಏನೋ.

ಸೆಲ್ವಿಗೆ ಆಗ ತಾವು ಮಾಡಿದ್ದು ಹೊಳೆದು ಗೊಳ್ಳೆಂದು ನಕ್ಕರು. "ನಮ್ಮಜ್ಜಿಯೂ ಭತ್ತ ಅಳೆಯುವಾಗ ಲಾಬಂ ಅಂತಲೇ ಶುರು ಮಾಡುತ್ತಿದ್ದರು. ಮರೆತೇ ಹೋಗಿತ್ತಲ್ಲ!" ನಗುತ್ತಾ ನಗುತ್ತಾ ಅವರ ಕಣ್ಣು ಒದ್ದೆಯಾಯಿತು.

"ಅದ್ಯಾಕೆ ಒಂದು ಅನ್ನುವುದಿಲ್ಲ?" ಲೂಚಿಯಾ ಕೇಳಿದರು.

"ಒಂದು ಅಂದ್ರೆ ಒಂಟಿ ಅಂದಂಗೆ. ಕಾಳಿನ ಮುಂದೆ ಕೂತ್ಕಂಡು ಒಂಟಿ ಅನ್ಬಾರ್ದು. ಅಷ್ಟೇಯ. ಆ ಲಾಬನ ಯಾರೂ ತಕಳದಿಲ್ಲ, ಅದೂ ರಾಸಿಗೇ ಸೇರ್ತದೆ" ಎಂದರು ಮಾದಮ್ಮ.

ಲೂಚಿಯಾ ಕೂತರು. ನನ್ನ ಜೊತೆ ಎದ್ದ ಮೇಲೆ ಅವರು ಕೂತದ್ದು ಅದೇ ಮೊದಲು. ಲಾಭ ಎಂಬ ಈ ಒಂದು ಪದವನ್ನು ಎಲ್ಲಿ ಇಡಬೇಕು ಎಂದು ಅವರ ದೇಶದಲ್ಲಿ ವರ್ಷಗಟ್ಟಲೆ ಕಿತ್ತಾಡಿದ್ದಾರಂತೆ. ಕಾನೂನಿಗೆ ಈ ಥರದ ಎಣಿಕೆ ಬರುವುದಿಲ್ಲ ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮಲ್ಲಿ ಸದಸ್ಯರು ಯಾರು ಎಂದು ಕೇಳಿದರು. ನಾನು ಪಹಣಿಯ ಕಥೆ ಹೇಳಿದೆ. ಈ ಅಳೆಯುತ್ತಿರುವವರೇ ನಾಳೆ ಸದಸ್ಯರಾಗಿರುವುದಿಲ್ಲ ಎಂದೆ. ನಮ್ಮ ದೇಶದಲ್ಲಿ ಟ್ರಸ್ಟ್ ಇದೆ, ಸೊಸೈಟಿ ಇದೆ, ಕಂಪನಿ ಇದೆ, ನಿಮ್ಮ ಥರದ್ದು ಇಲ್ಲ, ಏನು ಮಾಡಲಿ ಹೇಳಿ ಎಂದು ಬಹುಶಃ ಸ್ವಲ್ಪ ಜೋರಾಗಿಯೇ ಕೇಳಿದೆ.

ಅವರು ಬಿದ್ದಿದ್ದ ಪೆನ್ನನ್ನು ಎತ್ತಿ ಮೇಜಿನ ಮೇಲಿಟ್ಟರು. ಅವರ ಬಳಿ ಮಂತ್ರದಂಡ ಇಲ್ಲವೆಂದು ನನಗೂ ಗೊತ್ತಿತ್ತು. ಆದರೂ ಕೋಪ ಬಂತು, ಇಷ್ಟು ದೂರ ಬಂದದ್ದು ಬರಿಗೈಲಿ ಹೋಗುವುದಕ್ಕಾ ಎಂದು. ಸಂಜೆ ಒಬ್ಬಳೇ ಸಮುದ್ರದ ದಂಡೆಗೆ ಹೋಗಿ ಗಾಳಿಗೆ ಎದುರಾಗಿ ನಡೆದೆ. ಎರಡು ಹೆಜ್ಜೆ ಮುಂದೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತಿತ್ತು. ನಡೆದು ಸುಸ್ತಾಗಿ ವಾಪಸು ಬಂದಾಗ ಮಾದಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು.

"ಕಾಲ್ಗೆ ಚಕ್ರ ಕಟ್ಕಂಡಿದ್ದೀಯೇನವ್ವ? ಕೂತ್ಕ ಇಲ್ಲಿ" ಎಂದರು. ಕೂತೆ. "ನಂಗೂ ದಿಗಿಲಾಯ್ತದೆ ಕಣವ್ವ. ನಾಳೆ ನಮ್ ಸಂಗದ ಸೆಡ್ಡಿಗೆ ಓದ್ರೆ ಎಲ್ಲಿ ಕೂತ್ಕಬೇಕು ಅಂತ." ಇಡೀ ಪ್ರವಾಸದಲ್ಲಿ ಅವರು ಆ ವಿಷಯ ಎತ್ತಿದ್ದು ಅದೊಂದೇ ಸಲ.

ರಾಮಾಪುರ

ಸಭೆ ನಮ್ಮ ಶೆಡ್ಡಿನಲ್ಲೇ. ಜಮಖಾನ ಹಾಸಿತ್ತು. ಹೊಲವಿರುವ ಮನೆಯ ಹೆಂಗಸರು ಒಂದು ಕಡೆ, ಸಲಹೆಗಾರರ ಕುರ್ಚಿಯ ಹತ್ತಿರ. ಕೇರುವ ಒನೆಯುವವರು ಈ ಕಡೆ, ಗೋಡೆ ಬದಿಗೆ. ಯಾರೂ ಹೀಗೆ ಕೂರಿ ಎಂದು ಹೇಳಿರಲಿಲ್ಲ, ಆದರೂ ಹಾಗೇ ಕೂತಿದ್ದರು. ಮಾದಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಂದು ಗೋಡೆ ಬದಿಗೆ ಕೂತರು.

ನಾನು ಇಟಲಿಯ ಕಾನೂನನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಎರಡು ಬಗೆ, ತಿದ್ದುಪಡಿ, ಲಾಭದ ಮಿತಿ, ಎಲ್ಲ. ಆಕಳಿಕೆಗಳು ಕಂಡವು. ಬೆಳೆಗಾರರ ಪೈಕಿ ಹಿರಿಯರಾದ ಗೌರಮ್ಮ ನಯವಾಗಿಯೇ ಹೇಳಿದರು: "ಅದು ಅವ್ರ ದೇಸ ಕಣಕ್ಕ. ನಮ್ಗೆ ಮಿಸ್ನು ಬೇಕು. ಕುಟ್ಟಿ ಕುಟ್ಟಿ ರಟ್ಟೆ ಬಿದ್ದೋಗದೆ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮಾದಮ್ಮ ಕೂತಲ್ಲಿಂದಲೇ ಮಾತಾಡಿದರು. "ನಾನು ಅಲ್ಲಿ ಒಬ್ಬ ಅಜ್ಜನ್ನ ನೋಡ್ದೆ. ಉಚ್ಚ ಅಂತ ಕೂಡಾಕಿದ್ರಂತೆ. ಅವ್ನ ರುಜುಗೆ ಬೆಲೆ ಇಲ್ಲ ಅಂದಿದ್ರಂತೆ. ಕಾನೂನು ಬಂದ್ಮೇಲೆ ಅವ್ರು ಕೂಡ್ಕಳ್ಲಿಲ್ಲ ಕಣ್ರವ್ವ. ಅವ್ರು ಕೂಡ್ಕಂಡ ಮ್ಯಾಲೆ ಕಾನೂನು ಬಂತು. ನಾ ನೋಡಿದ್ದು ಇಷ್ಟೇಯ."

ಸಲಹೆಗಾರರು ಒಳ್ಳೆಯವರೇ. ಗೌರವದಿಂದ ಕೇಳಿಸಿಕೊಂಡು, ಗಡಿಯಾರ ನೋಡಿ, "ಸರಿ, ಷೇರು ಹಾಕುವವರು ಅವರವರ ಹೆಸರಿನ ಪಹಣಿ ಕೊಡಿ" ಎಂದು ಕೈ ಚಾಚಿದರು.

ಯಾರೂ ಕೊಡಲಿಲ್ಲ. ಗೌರಮ್ಮ ಸೆರಗು ಸರಿಪಡಿಸಿಕೊಂಡರು. "ಪಾಣಿ ನಮ್ ಯಜಮಾನ್ರ ಎಸ್ರಲ್ಲದೆ ಸಾ."

"ಹಾಗಾದರೆ ಷೇರು ಅವರ ಹೆಸರಿಗೆ ಬರುತ್ತದೆ. ಸಭೆಗೂ ಅವರೇ ಬರಬೇಕಾಗುತ್ತದೆ."

"ನಮ್ದು ಮಾವ್ನ ಎಸ್ರು" ಎಂದಳು ಪಕ್ಕದವಳು. "ಅವ್ರು ತೀರ್ಕಂಡವ್ರೆ. ಅವ್ರೆಂಗೆ ಬತ್ತರೆ?"

ನಗು ಎದ್ದು, ಅರ್ಧಕ್ಕೇ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿತ್ತಿದವರು, ಕಳೆ ಕಿತ್ತವರು, ಕುಯ್ದವರು ಎಲ್ಲ ಆ ಸಾಲಿನಲ್ಲಿ ಕೂತ ಇವರೇ. ತಾವು ಬೆಳೆಗಾರರೆಂದು ಇವರಿಗೂ ಅನುಮಾನವಿರಲಿಲ್ಲ, ನನಗೂ ಇರಲಿಲ್ಲ. ಅವರಲ್ಲಿ ಒಬ್ಬರ ಹೆಸರಿನಲ್ಲೂ ಒಂದು ಗುಂಟೆ ಇರಲಿಲ್ಲ.

"ಅಂಗಾರೆ ನಾನು?" ಗೌರಮ್ಮ ಕೇಳಿದರು. ದನಿ ಸಣ್ಣದಾಗಿತ್ತು.

"ನೀವು ಕೆಲಸಕ್ಕೆ ಬರಬಹುದಮ್ಮ. ಅದಕ್ಕೇನೂ ತೊಂದರೆಯಿಲ್ಲ."

ಗೋಡೆ ಬದಿಯಲ್ಲಿ ಮಾದಮ್ಮ ಸರಿದು ಕೂತು, ಪಕ್ಕದ ಜಮಖಾನವನ್ನು ಅಂಗೈಯಿಂದ ತಟ್ಟಿದರು.

"ಬಾ ಗೌರವ್ವ. ಇಲ್ಲಿ ಜಾಗ ಅದೆ."

ಗೌರಮ್ಮ ಎದ್ದು ಬಂದರು. ಅವರ ಹಿಂದೆ ಪಕ್ಕದವಳು, ಅವಳ ಹಿಂದೆ ಉಳಿದವರು. ಒತ್ತೊತ್ತಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಆ ಕಡೆಯ ಜಮಖಾನದ ಮೇಲೆ ಸಲಹೆಗಾರರ ಚೀಲ ಒಂದೇ ಉಳಿಯಿತು.